ಮುಳ್ಳು ಏಳದ ಗಾಡಿ

ನಮ್ಮ ಕಾಕಾನ ಡೀಸೆಲ್ ಕಾರಿನಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೂರು ವರ್ಷ ಮೇಲೇಳಲಿಲ್ಲ. ಆ ಮೂರೂ ವರ್ಷ ನಾವು ಅದನ್ನು ಗಾಡಿಯ ಒಳ್ಳೆಯ ಗುಣವೆಂದೇ ತಿಳಿದಿದ್ದೆವು. ಬರ ಬಿದ್ದ ಸೀಮೆಯಲ್ಲಿ ಬಿಸಿಯಾಗದೆ ಇರುವುದು ಸಣ್ಣ ಗುಣವೇನಲ್ಲ. ಭಾಲ್ಕಿ ರೈಲು ನಿಲ್ದಾಣದ ಮುಂದೆ ಬೇರೆಯವರ ಗಾಡಿಗಳು ಬಾನೆಟ್ ಎತ್ತಿಕೊಂಡು ಉಗಿ ಬಿಡುತ್ತ ನಿಂತಿದ್ದರೆ, ಕಾಕಾ ತನ್ನ ಕಾರಿಗೆ ಒರಗಿ ಮದುಮಗನ ಅಪ್ಪನ ಹಾಗೆ ಎದೆಯುಬ್ಬಿಸಿ ಹೇಳುತ್ತಿದ್ದ: "ನಮ್ದು ತಂಪು ಸ್ವಭಾವದ ಗಾಡಿ ಅದರಿ." ಈ ಮಾತನ್ನು ನಾನು ಬೀದರಿನ ಗ್ಯಾರೇಜಿನಲ್ಲಿ ಅವನ ದನಿಯಲ್ಲೇ ಎಷ್ಟು ಸಲ ಆಡಿ ತೋರಿಸಿದ್ದೆನೆಂದರೆ, ಒಂದು ದಿನ ಅವನೇ ಬಂದು ಹೇಳಿದಾಗ ಅಲ್ಲಿದ್ದವರಿಗೆ ಅವನದೇ ನಕಲು ಅನ್ನಿಸಿತು.

ಗ್ಯಾರೇಜು ಕೋಟೆಯ ಕಡೆ ಹೋಗುವ ರಸ್ತೆಯಲ್ಲಿತ್ತು. ಯಜಮಾನ ಉಸ್ತಾದ್. ನಾನು ಅವರ ಕೈಕೆಳಗೆ ಆರು ವರ್ಷ ಕಳೆದು, ಇಪ್ಪತ್ತನಾಲ್ಕರ ವಯಸ್ಸಿಗೆ, ಅವರಿಗಿಂತ ನನಗೇ ಹೆಚ್ಚು ಗೊತ್ತು ಎಂಬ ಹಂತ ಮುಟ್ಟಿದ್ದೆ. ಉಸ್ತಾದ್ ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದರೆ ದರ್ಗಾದಲ್ಲಿ ದುವಾ ಕೇಳುವವರ ಹಾಗೆ ಕಾಣುತ್ತಿದ್ದರು. ಬೆನ್ನ ಹಿಂದೆ ನಾನೂ ಹಾಗೆಯೇ ನಿಲ್ಲುತ್ತಿದ್ದೆ. ಒಮ್ಮೆ ಅವರು ತಟ್ಟನೆ ಕಣ್ಣು ಬಿಟ್ಟು ನೋಡಿದರು. ಬೈಯಲಿಲ್ಲ. ಮೊಣಕೈ ಇನ್ನಷ್ಟು ಮೇಲಿರಬೇಕು ಎಂದು ತಿದ್ದಿ ತಮ್ಮ ಕೆಲಸಕ್ಕೆ ಮರಳಿದರು.

ಬರದ ಮೊದಲೆರಡು ವರ್ಷ ಕಾಕಾನ ಗಾಡಿಗೆ ಬಿಡುವೇ ಇರಲಿಲ್ಲ. ಔರಾದ ತಾಲ್ಲೂಕಿನ ಹಳ್ಳಿಗಳಿಂದ ಪುಣೆಗೆ, ಹೈದರಾಬಾದಿಗೆ ಕೂಲಿಗೆ ಹೊರಟವರನ್ನು, ಅವರ ಗಂಟು, ಕೊಡ, ಕೋಳಿ ಸಮೇತ ಭಾಲ್ಕಿ ನಿಲ್ದಾಣಕ್ಕೆ ತಂದು ಬಿಡುವುದೇ ಅವನ ಕೆಲಸ. ತರುವುದು ಮಾತ್ರ, ಹಿಂದಿರುಗಿ ಒಯ್ಯುವುದು ಅಪರೂಪ. ಮೂರನೆಯ ವರ್ಷ ಹೊತ್ತು ತರಲಿಕ್ಕೆ ಜನರೇ ಉಳಿಯಲಿಲ್ಲ. ಆ ಚಳಿಗಾಲದಲ್ಲಿ ಅವನಿಗೆ ಸಿಕ್ಕ ಒಂದೇ ಕಾಯಂ ಸವಾರಿ ಠಾಣಾ ಕುಶನೂರಿನ ಟೀಚರ್ ಬಾಯಿ.

ಅವರಿಗೆ ಐವತ್ತು ದಾಟಿರಲಿಲ್ಲ. ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ, ಸೋಮವಾರ, ಬುಧವಾರ, ಶುಕ್ರವಾರ, ಬೀದರಿನಲ್ಲಿ ಡಯಾಲಿಸಿಸ್. ಅವರ ಪಾಳಿ ಬೆಳಗಿನ ಆರೂವರೆಗೆ. ಮೊದಲ ಬಸ್ಸಿಗೆ ಬಂದರೆ ಯಂತ್ರ ಬೇರೆಯವರಿಗೆ ಹೋಗಿರುತ್ತಿತ್ತು. ಅದಕ್ಕೆ ಕಾಕಾ ನಸುಕಿನಲ್ಲೇ ಭಾಲ್ಕಿ ಬಿಟ್ಟು, ಕುಶನೂರಿನಲ್ಲಿ ಅವರನ್ನು ಹತ್ತಿಸಿಕೊಂಡು, ಸಂತಪುರ, ಜನವಾಡದ ಮೇಲೆ ಬೀದರಿಗೆ ತರುತ್ತಿದ್ದ. ಅವರು ಆಸ್ಪತ್ರೆಯಲ್ಲಿರುವ ನಾಲ್ಕು ತಾಸು ಗಾಡಿ ನಮ್ಮ ಗ್ಯಾರೇಜಿನ ಮುಂದೆ ನಿಂತಿರುತ್ತಿತ್ತು.

ನಮ್ಮ ಕಡೆಯ ಚಳಿ ಗೊತ್ತಿಲ್ಲದವರು ಬೀದರೆಂದರೆ ಬರೀ ಬಿಸಿಲು ಅಂದುಕೊಳ್ಳುತ್ತಾರೆ. ಪುಷ್ಯದಲ್ಲಿ ಒಂದು ಬೆಳಗ್ಗೆ ಮಾಂಜ್ರಾ ಸೇತುವೆ ದಾಟಿ ನೋಡಬೇಕು. ಹೊಳೆಯಲ್ಲಿ ನೀರಿಲ್ಲದಿದ್ದರೂ ಗಾಳಿ ಅಲ್ಲಿಂದಲೇ ಏಳುತ್ತಿತ್ತು. ರಕ್ತವಿಲ್ಲದ ಮೈಗೆ ಚಳಿ ಎಲುಬಿನ ಒಳಗಿನಿಂದ ಬರುತ್ತದಂತೆ. ಕಾರಿನಲ್ಲಿ ಹೀಟರ್ ಇತ್ತು. ಅದು ಎಪ್ಪತ್ತು ಕಿಲೋಮೀಟರು ಓಡಿದ ಮೇಲೂ ಹೊಳೆಯ ಗಾಳಿಯನ್ನೇ ಒಳಗೆ ತಂದು ಊದುತ್ತಿತ್ತು. ಟೀಚರ್ ಬಾಯಿ ಎರಡು ಶಾಲು, ಒಂದು ಕೌದಿ ಹೊದ್ದು ಹಿಂದಿನ ಸೀಟಿನಲ್ಲಿ ಮುದುಡಿ ಕೂತು ಬರುತ್ತಿದ್ದರು. ಒಂದು ಶುಕ್ರವಾರ ಅವರು ಬರಲಿಲ್ಲ. ಬಾಗಿಲ ತನಕ ಬಂದು ಕಾಕಾನಿಗೆ ಹೇಳಿದರಂತೆ: "ಇವತ್ತ ಬ್ಯಾಡ್ರಿ ಅಣ್ಣ. ಆ ಗಾಡಿ ಚಳಿ ನನಗ ತಡಕೊಳ್ಳಿಕ್ಕೆ ಆಗವಲ್ದು."

ಒಂದು ದಿನ ತಪ್ಪಿಸಿದರೆ ಆ ದಿನದ ನೀರು ಮೈಯಲ್ಲೇ ಉಳಿಯುತ್ತದೆ. ಸೋಮವಾರ ಅವರು ಕಾರಿನಿಂದ ಇಳಿದಾಗ ಮುಖ ಬಾತಿತ್ತು, ಚಪ್ಪಲಿಯಲ್ಲಿ ಕಾಲು ಹೊಂದುತ್ತಿರಲಿಲ್ಲ. ಕಾಕಾ ಅವರನ್ನು ಆಸ್ಪತ್ರೆಗೆ ಬಿಟ್ಟು ನೇರ ನನ್ನ ಮುಂದೆ ಬಂದು ನಿಂತ. ಅವನ ಬಾಯಿಂದ ತಂಪು ಸ್ವಭಾವದ ಮಾತು ಬರಲಿಲ್ಲ.

"ಹೀಟರ್ ಮಾಡಿ ಕೊಡು. ಬಾಕಿದ್ದೇನೂ ಬ್ಯಾಡ," ಅಂದ.

ಉಸ್ತಾದ್ ಸ್ಕ್ರೂಡ್ರೈವರ್ ಕಿವಿಗಿಟ್ಟರು. ಹೀಟರಿಗೆ ಹೋಗುವ ನಳಿಗೆಯಲ್ಲಿ ಕೆಸರು ಕಟ್ಟಿದೆ ಎಂದರು. ನಮ್ಮ ಬೋರ್‌ವೆಲ್ಲಿನ ಉಪ್ಪು ನೀರಿಗೆ ಅದು ಸಹಜ. ಬಿಚ್ಚಿ ತೊಳೆದೆ. ನೀರು ಒಂದು ಕಡೆ ಹೋಗಿ ಇನ್ನೊಂದು ಕಡೆ ಸರಾಗವಾಗಿ ಬಂತು, ಅಲ್ಲೇನೂ ಕಟ್ಟಿರಲಿಲ್ಲ. ಬುಧವಾರ ನನ್ನ ಪಾಳಿ. ಬೆಳಿಗ್ಗೆ ಗಾಡಿ ಕೆಮ್ಮಿ ಕೆಮ್ಮಿ ಏಳುತ್ತದೆ, ಬಿಳಿ ಹೊಗೆ ಬಿಡುತ್ತದೆ ಎಂದು ಕಾಕಾ ಹೇಳಿದ್ದರಿಂದ, ಡೀಸೆಲ್ ಇಂಜಿನ್ನಿನ ಒಳಗೆ ಮೊದಲ ಕಾವು ಕೊಡುವ ಗ್ಲೋ ಪ್ಲಗ್ಗುಗಳನ್ನು ಕಳಚಿ ಬ್ಯಾಟರಿಗೆ ಹಿಡಿದು ನೋಡಿದೆ. ನಾಲ್ಕರಲ್ಲಿ ಎರಡು ಕೆಂಪಾಗಲಿಲ್ಲ. ಎರಡೂ ಹೊಸವು ಹಾಕಿ, ರೋಗ ಸಿಕ್ಕಿತು, ಕೆಲಸ ಮುಗಿಯಿತೆಂದು ಉಸ್ತಾದರ ದನಿಯಲ್ಲಿ ಉಸ್ತಾದರಿಗೇ ಹೇಳಿದೆ: "ಬಸ್ ಬಾವಾ, ಹೋಗಯಾ ಕಾಮ್." ಮರುದಿನದಿಂದ ಗಾಡಿ ಬೇಗ ಎದ್ದಿತು, ನಿಜ. ಎದ್ದು ಮತ್ತೆ ಮೊದಲಿನಂತೆಯೇ ತಣ್ಣಗೆ ಓಡಿತು.

ಮುಳ್ಳೇ ಸುಳ್ಳು ಹೇಳುತ್ತಿರಬಹುದೆಂದು ಶುಕ್ರವಾರ ಅದಕ್ಕೆ ಸುದ್ದಿ ಕೊಡುವ ಸೆನ್ಸರ್ ಬದಲಿಸಿದೆ. ಹೊಸದೂ ಅದನ್ನೇ ಹೇಳಿತು. ಆಮೇಲೆ ಆಯಿಲ್ ಕಡ್ಡಿ ಎಳೆದು ನೋಡಿದೆ. ಆಯಿಲ್ ಇರಬೇಕಾದ ಗೆರೆಗಿಂತ ಮೇಲೆ ಇತ್ತು. ಮೂಸಿದರೆ ಡೀಸೆಲ್ ವಾಸನೆ. ತನ್ನ ಗಾಡಿ ಆಯಿಲನ್ನೇ ಕುಡಿಯುವುದಿಲ್ಲ, ಅದರ ಬದಲು ಹೆಚ್ಚಿಸುತ್ತದೆ ಎಂದು ಕಾಕಾ ಅದಕ್ಕೂ ಹೆಮ್ಮೆಪಡುತ್ತಿದ್ದ. ಇಂಜಿನ್ ಎಂದೂ ಪೂರ್ತಿ ಕಾಯದೆ, ಸುಡದೆ ಉಳಿದ ಡೀಸೆಲ್ ಇಳಿದು ಆಯಿಲಿನಲ್ಲಿ ಸೇರುತ್ತಿತ್ತು. ಒಳಗೆ ಲೋಹಕ್ಕೆ ಲೋಹ ಸವೆಯುತ್ತಿತ್ತು. ಉಸ್ತಾದ್ ನನ್ನ ಕೈಯಿಂದ ಕಡ್ಡಿ ತೆಗೆದುಕೊಂಡು ಬೆರಳ ನಡುವೆ ಆಯಿಲ್ ತಿಕ್ಕಿ ನೋಡಿದರು, ಕೈ ಒರೆಸಿಕೊಂಡರು.

ಅಷ್ಟರಲ್ಲಿ ಕಾಕಾ ರೇಡಿಯೇಟರಿನ ಮುಂದೆ ಬಿಸ್ಕೀಟ್ ಡಬ್ಬಿಯ ರಟ್ಟು ಕಟ್ಟಿದ್ದ. ಗಾಳಿ ತಡೆದರೆ ಕಾವು ಉಳಿಯುತ್ತದೆಂದು ಎಲ್ಲ ಡ್ರೈವರುಗಳೂ ಮಾಡುವುದೇ. ಅದರಿಂದ ಹೀಟರಿನ ಗಾಳಿ, ಸತ್ತವನ ಉಸಿರಿನಿಂದ ಕಾಯಿಲೆಯವನ ಉಸಿರಿಗೆ ಬಂತು. ಆ ಶುಕ್ರವಾರವೂ ಟೀಚರ್ ಬಾಯಿ ಬಂದಿರಲಿಲ್ಲ. ಗಾಡಿ ಖಾಲಿ ಬಂದಿತ್ತು, ನನಗೆ ತೋರಿಸಲಿಕ್ಕೆ.

ನನಗೆ ಹೊಳೆಯಲಿಕ್ಕೆ ಒಂದು ವಾರ ಬೇಕಾಯಿತು. ನಾನು ಆ ಇಂಜಿನ್ನನ್ನು ತಣ್ಣಗಿದ್ದಾಗ ಒಮ್ಮೆಯೂ ನೋಡಿರಲಿಲ್ಲ. ಎಪ್ಪತ್ತು ಕಿಲೋಮೀಟರು ಓಡಿ ಬಂದ ಗಾಡಿಯನ್ನು ಮುಟ್ಟಿ, ಅದು ಹೇಗೆ ಕಾಯುತ್ತದೆ ಎಂದು ಹುಡುಕುತ್ತಿದ್ದೆ. ಊಟ ಮುಗಿಸಿ ಕೈ ತೊಳೆದವನನ್ನು ಹಸಿವೆಯ ಬಗ್ಗೆ ಕೇಳಿದ ಹಾಗೆ. ಶನಿವಾರ ಸಂಜೆ ಕಾಕಾನ ಜೊತೆ ಭಾಲ್ಕಿಗೆ ಹೋದೆ. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಬಾನೆಟ್ ಎತ್ತಿ, ಇಂಜಿನ್ನಿನಿಂದ ರೇಡಿಯೇಟರಿಗೆ ಹೋಗುವ ಮೇಲಿನ ರಬ್ಬರ್ ಪೈಪನ್ನು ಬರಿಗೈಯಲ್ಲಿ ಹಿಡಿದು, ಚಾವಿ ತಿರುಗಿಸು ಅಂದೆ.

ಇಂಜಿನ್ ಮತ್ತು ರೇಡಿಯೇಟರಿನ ನಡುವೆ ಒಂದು ವಾಲ್ವ್ ಇರುತ್ತದೆ, ಥರ್ಮೋಸ್ಟಾಟ್. ಇಂಜಿನ್ ಕಾಯುವ ತನಕ ಅದು ಬಾಗಿಲು ಮುಚ್ಚಿಕೊಂಡು ನೀರನ್ನು ಒಳಗೇ ಸುತ್ತಿಸುತ್ತದೆ. ಕಾದ ಮೇಲೆ ಬಾಗಿಲು ತೆರೆಯುತ್ತದೆ, ಆಗ ಮೇಲಿನ ಪೈಪು ಒಮ್ಮೆಲೇ ಸುಡುತ್ತದೆ. ಅಲ್ಲಿಯ ತನಕ ಪೈಪು ತಣ್ಣಗಿರಬೇಕು. ನನ್ನ ಕೈಯಲ್ಲಿದ್ದ ಪೈಪು ಮೊದಲನೆಯ ನಿಮಿಷದಿಂದಲೇ ಇಂಜಿನ್ನಿನ ಜೊತೆಗೆ ಇಷ್ಟಿಷ್ಟೇ ಉಗುರುಬೆಚ್ಚಗಾಗುತ್ತ ಬಂತು. ಬಾಗಿಲು ತೆರೆದೇ ಇತ್ತು.

ಇಂಜಿನ್ ನಿಲ್ಲಿಸಿ ಎರಡು ಬೋಲ್ಟು ಬಿಚ್ಚಿ, ವಾಲ್ವಿನ ಮುಚ್ಚಳ ತೆಗೆದೆ. ಒಳಗೆ ವಾಲ್ವೇ ಇರಲಿಲ್ಲ. ನೀರು ಸೋರದಿರಲೆಂದು ಮುಚ್ಚಳದ ಅಡಿಗೆ ಅಂಟಿಸಿದ್ದ ಗ್ಯಾಸ್ಕೆಟ್ಟನ್ನು ಮದುವೆಯ ಲಗ್ನಪತ್ರಿಕೆಯಿಂದ ಕತ್ತರಿಸಿದ್ದರು. ಕೆಂಪು ರಟ್ಟು, ಅಂಚಿನಲ್ಲಿ ಬಂಗಾರದ ಬಣ್ಣದ ಅರ್ಧ ಗಣಪತಿ. ಬೀದರ ಜಿಲ್ಲೆಯಲ್ಲಿ ಲಗ್ನಪತ್ರಿಕೆಯಿಂದ ಗ್ಯಾಸ್ಕೆಟ್ ಕತ್ತರಿಸುವ ಮೆಕ್ಯಾನಿಕ್ ಒಬ್ಬನೇ. ಅಂಗಡಿಯ ರಟ್ಟಿಗಿಂತ ಅದು ಚೆನ್ನಾಗಿ ಕೂಡುತ್ತದೆಂದು ಅವನು ಎಲ್ಲರ ಮುಂದೆ ಜಂಬ ಕೊಚ್ಚುತ್ತಿದ್ದ.

ಎಲ್ಲ ನೆನಪಾಯಿತು. ಬರದ ಮೊದಲ ಬೇಸಿಗೆ. ಕಾಕಾ ಕೂಲಿಯವರನ್ನು ತುಂಬಿಕೊಂಡು ಬರುವಾಗ ಗಾಡಿ ಕುದಿದು ನಿಂತಿತು. ಟ್ಯಾಂಕರಿನ ಪಾಳಿಯಲ್ಲಿ ಕೊಡ ಹಿಡಿದು ನಿಂತಿದ್ದ ಹೆಂಗಸರ ಮುಂದೆ ಹೋಗಿ ರೇಡಿಯೇಟರಿಗೆ ನೀರು ಬೇಡಿದ. ಜನಕ್ಕೇ ಕುಡಿಯಲಿಕ್ಕಿಲ್ಲ, ನಿನ್ನ ಮಷೀನಿಗೆ ಎಲ್ಲಿಂದ ತರೋಣ ಎಂದು ಅವರು ಅಂದಾಗ ಅವನಿಗೆ ತಲೆ ಎತ್ತಲಾಗಲಿಲ್ಲ. ಅಷ್ಟು ಅಂದ ಮೇಲೂ ಒಬ್ಬಾಕೆ ಅರ್ಧ ಕೊಡ ಕೊಟ್ಟಳು. ಅವನಿಗೆ ಅದೇ ಹೆಚ್ಚು ನೋಯಿಸಿತು. ಅದನ್ನು ನನ್ನ ಮುಂದೆ ಹೇಳುವಾಗ ಅವನು ಬೇರೆ ಕಡೆ ನೋಡುತ್ತಿದ್ದ. ಇನ್ನು ನಿನ್ನ ಗಾಡಿ ಯಾವತ್ತೂ ಕುದಿಯದ ಹಾಗೆ ಮಾಡುತ್ತೇನೆ ಎಂದು ನಾನು ಅಂದೆ; ಏನು ಮಾಡಿದೆನೆಂದು ಅವನಿಗೆ ಹೇಳಲಿಲ್ಲ. ಆ ಬೇಸಿಗೆ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಎಲ್ಲರೂ ಮಾಡಿದ್ದು ಅದನ್ನೇ: ಉಪ್ಪು ಕಟ್ಟಿ ಬಿಗಿದುಕೊಂಡ ವಾಲ್ವನ್ನು ಬದಲಿಸುವ ಬದಲು ಕಿತ್ತೇ ಬಿಡುವುದು. ನೀರು ಉಳಿಯುತ್ತಿತ್ತು, ಮಾನ ಉಳಿಯುತ್ತಿತ್ತು. ಎಷ್ಟು ಗಾಡಿಗಳಿಂದ ಕಿತ್ತೆನೋ, ಕಾಕಾನದೂ ಅವುಗಳಲ್ಲಿ ಒಂದೆಂಬುದೇ ಮರೆತುಹೋಗಿತ್ತು.

ಕಾಕಾ ಬಗ್ಗಿ ಖಾಲಿ ಗುಂಡಿ ನೋಡಿದ. ಏನಾಗಿದೆ ಅಂದ.

"ವಾಲ್ವ್ ಇಲ್ಲ. ಯಾರೋ ತಗದಾರ," ಅಂದೆ.

ಆ ಯಾರೋ ಎಂಬವನನ್ನು ಕಾಕಾ ಚಹಾ ತಣ್ಣಗಾಗುವ ತನಕ ಬೈದ. ಅವನ ಕೈ ಮುರಿಯಲಿ ಅಂದ. ನಾನೂ ಸೇರಿಕೊಂಡು, ಉಸ್ತಾದರ ದನಿಯಲ್ಲಿ ಅವನ ವಂಶಕ್ಕೆಲ್ಲ ಮಂಗಳಾರತಿ ಮಾಡಿದೆ. ಕಾಕಾ ನಕ್ಕ. ಅವನು ನಕ್ಕದ್ದು ಆ ತಿಂಗಳಲ್ಲಿ ಅದೇ ಮೊದಲು. ನಗುವಿನ ನಡುವೆ ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ. ನಗು ಮುಗಿದ ಮೇಲೆ ಇನ್ನೂ ಬರಲಿಲ್ಲ.

ಸೋಮವಾರವೂ ಟೀಚರ್ ಬಾಯಿ ಬಾಗಿಲು ತೆರೆದು ತಲೆಯಾಡಿಸಿದರಂತೆ. ನಾನು ಬೀದರಿನಲ್ಲಿ ಹೊಸ ವಾಲ್ವ್ ತಂದು, ಚಹಾದಂಗಡಿಯವನ ಕುದಿಯುವ ಪಾತ್ರೆಯಲ್ಲಿ ದಾರ ಕಟ್ಟಿ ಇಳಿಸಿದೆ. ಕಾದ ಮೇಲೆ ಅದು ಬಾಯಿ ತೆರೆಯಿತು, ತೆಗೆದಿಟ್ಟರೆ ಮುಚ್ಚಿತು. ಅಂಗಡಿಯ ಗ್ಯಾಸ್ಕೆಟ್ ಇಟ್ಟು ಕೂಡಿಸಿದೆ. ಆಯಿಲ್ ಪೂರ್ತಿ ಚೆಲ್ಲಿ ಹೊಸದು ಹಾಕಿದೆ. ಬುಧವಾರ ನಾನೂ ಕಾಕಾನ ಜೊತೆ ಭಾಲ್ಕಿಯಿಂದಲೇ ಹೊರಟೆ. ಊರು ದಾಟುವಷ್ಟರಲ್ಲಿ ಮುಳ್ಳು ಎದ್ದು ನಡುವೆ ನಿಂತಿತು. ಹೀಟರಿನಿಂದ ಬಿಸಿಗಾಳಿ ಬಂತು. ಕಾಕಾ ಒಂದು ಕೈಯನ್ನು ಅದರ ಬಾಯಿಗೆ ಹಿಡಿದೇ ಗಾಡಿ ಓಡಿಸಿದ.

ಕುಶನೂರಿನಲ್ಲಿ ಟೀಚರ್ ಬಾಯಿ ಬಾಗಿಲಲ್ಲೇ ನಿಂತಿದ್ದರು. ಪಕ್ಕದಲ್ಲಿ ಎರಡು ಚೀಲ, ಒಂದು ಟ್ರಂಕು. ಜೊತೆಗೆ ಅವರ ಅಕ್ಕ. ಹೈದರಾಬಾದಿನ ತಮ್ಮ ಕರೆಸಿಕೊಂಡಿದ್ದ. ಅವನ ಮನೆಯಿಂದ ಆಸ್ಪತ್ರೆಗೆ ನಡೆದೇ ಹೋಗಬಹುದಂತೆ. ಬೀದರ ಬೇಡ, ಭಾಲ್ಕಿ ನಿಲ್ದಾಣಕ್ಕೆ ಬಿಡಿ ಅಂದರು. ಮುಖ ಬಾತು ಕಣ್ಣು ಸಣ್ಣಗಾಗಿದ್ದವು. ಮೂರು ಮೆಟ್ಟಿಲು ಇಳಿಯಲಿಕ್ಕೆ ಎರಡು ಸಲ ನಿಂತರು. ಕಾಕಾ ಟ್ರಂಕನ್ನು ಎತ್ತಿ ಡಿಕ್ಕಿಗೆ ಇಟ್ಟ.

ಗಾಡಿ ಬೆಚ್ಚಗಿತ್ತು. ಅವರು ಮೊದಲು ಕೌದಿ ತೆಗೆದು ಅಕ್ಕನ ತೊಡೆಯ ಮೇಲಿಟ್ಟರು. ಆಮೇಲೆ ಒಂದು ಶಾಲು.

"ಏನಾಗಿತ್ತೋ ತಮ್ಮ ಇದಕ್ಕ?" ಎಂದು ನನ್ನನ್ನು ಕೇಳಿದರು.

ವಾಲ್ವಿನ ಕೆಲಸ ಹೇಳಿದೆ. ಅದು ಇರಲಿಲ್ಲ ಎಂದೆ. ಕನ್ನಡಿಯಲ್ಲಿ ಅವರು ಕಾಯುತ್ತಿರುವುದು ಕಂಡಿತು; ಶಾಲೆಯಲ್ಲಿ ಅರ್ಧ ಉತ್ತರ ಕೊಟ್ಟವನನ್ನು ನಿಲ್ಲಿಸಿಕೊಂಡು ನೋಡುತ್ತಾರಲ್ಲ, ಹಾಗೆ. ಬೇರೆ ಯಾರದಾದರೂ ದನಿ ಹುಡುಕಿದೆ. ಒಂದೂ ಸಿಗಲಿಲ್ಲ.

"ನಾನೇ ತಗದಿದ್ದೆರಿ," ಅಂದೆ. "ಮೂರು ವರ್ಷದ ಹಿಂದ. ಮರತು ಬಿಟ್ಟಿದ್ದೆ."

ಕಾಕಾನ ಕಣ್ಣು ರಸ್ತೆಯ ಮೇಲೇ ಇತ್ತು.

"ತಗದಿದ್ದು ಎಲ್ಲ್ಯಾರ ಬರದಿಟ್ಟಿದ್ದೇನು?" ಟೀಚರ್ ಬಾಯಿ ಕೇಳಿದರು.

"ಇಲ್ರಿ."

ಅವರು ಇನ್ನೊಂದು ಶಾಲನ್ನೂ ತೆಗೆದರು. ಭಾಲ್ಕಿ ಹತ್ತಿರ ಬಂದಾಗ, ಸೆಕೆ ಆಗುತ್ತಿದೆ, ಕಿಟಕಿಯ ಕಾಜು ಸ್ವಲ್ಪ ಇಳಿಸಿ ಅಂದರು. ಇಳಿಸಿದೆ.

ನಿಲ್ದಾಣದಲ್ಲಿ ಟೀಚರ್ ಬಾಯಿಯನ್ನು ರೈಲು ಹತ್ತಿಸಲು ನಾನೂ ಕಾಕಾನೂ ಎರಡು ಕಡೆಯಿಂದ ಹಿಡಿದೆವು. ಅವರ ತೋಳಿನಲ್ಲಿ ಬೆರಳು ಒತ್ತಿದಲ್ಲಿ ತಗ್ಗು ಉಳಿಯಿತು. ರೈಲು ಹೋಯಿತು. ಹೊರಗೆ ಬಂದು ನಾನು ಕಾರಿನ ಬಾಗಿಲಿಗೆ ಕೈ ಹಾಕಿದಾಗ ಕಾಕಾ ಒಳಗಿನಿಂದ ಅದನ್ನು ಹಿಡಿದುಕೊಂಡ.

"ನೀ ಬಸ್ಸಿಗೆ ಹೋಗು," ಅಂದ.

ಚಾವಿ ಅರ್ಧ ತಿರುಗಿಸುವಷ್ಟರಲ್ಲಿ ಇಂಜಿನ್ ಎದ್ದಿತು. ಬಸ್ ನಿಲ್ದಾಣದ ಕಡೆ ನಡೆಯುತ್ತ ಒಮ್ಮೆ ತಿರುಗಿ ನೋಡಿದೆ. ಅವನು ಔರಾದ ರಸ್ತೆಗೆ ಹೊರಳುತ್ತಿದ್ದ, ಹಿಂದಿನ ಸೀಟು ಖಾಲಿ, ಕಾಜು ನಾನು ಇಳಿಸಿದ್ದಲ್ಲೇ ಇತ್ತು.