ಹಂಚಿನಮನಿ ಅಕ್ಕೋರ ಹತ್ತು ನಿಮಿಷ

ಹಂಚಿನಮನಿ ಅಕ್ಕೋರ ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ, ಅದು ಅವರದು. ಬಂದವರು ಪಾಲಕರಿರಲಿ, ಪುಸ್ತಕ ಮಾರುವವರಿರಲಿ, ಪಾಲಿಕೆಯ ನಗರಸೇವಕರೇ ಇರಲಿ, ನಿಂತೇ ಮಾತಾಡಬೇಕು. ಯಾರಾದರೂ ಕುರ್ಚಿಗಾಗಿ ಆಚೀಚೆ ಕಣ್ಣು ಹಾಯಿಸಿದರೆ ಅಕ್ಕೋರು ತಾವೂ ಎದ್ದು ನಿಂತುಬಿಡುತ್ತಿದ್ದರು. "ಕುಂತ್ರ ಮಾತು ಬೆಳೀತದ್ರಿ, ನಿಂತ್ರ ಕೆಲಸ ಆಗ್ತದ" ಎನ್ನುವರು. ಬಂದವರ ಕೆಲಸ ನಿಜಕ್ಕೂ ಆಗಿಬಿಡುತ್ತಿತ್ತು.

ಪುಣೆಯ ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹಿಂದೆ ನಾಲ್ಕು ಕೋಣೆಗಳ ಕನ್ನಡ ಶಾಲೆ ನಮ್ಮದು. ಅಕ್ಕೋರು ಧಾರವಾಡದವರು, ಶಾಲೆಯ ಮುಖ್ಯೋಪಾಧ್ಯಾಯಿನಿ. ನಾನು ಮದುವೆಯಾಗಿ ಬೆಳಗಾವಿಯಿಂದ ಪುಣೆಗೆ ಬಂದವಳು, ತೊಂಬತ್ತರ ದಶಕದ ನಡುವೆ ಅಲ್ಲಿ ಐದನೆಯ ತರಗತಿಯ ಶಿಕ್ಷಕಿಯಾದೆ. ಮಕ್ಕಳಲ್ಲಿ ಮುಕ್ಕಾಲು ಪಾಲು ಕಟ್ಟಡ ಕೆಲಸಕ್ಕೆ ಬಂದ ಯಾದಗಿರಿ, ಕಲಬುರ್ಗಿ ಕಡೆಯವರ ಮಕ್ಕಳು. ಕಟ್ಟಡ ಮುಗಿದರೆ ತಂದೆತಾಯಿ ಇನ್ನೊಂದು ಕಡೆ ಹೊರಡುವರು, ನಮ್ಮ ಬೆಂಚುಗಳು ಖಾಲಿಯಾಗುವವು. ಹೀಗಾಗಿ ಪ್ರತಿ ಜೂನಿನಲ್ಲಿ ಮಕ್ಕಳನ್ನು ಹುಡುಕಿ ತರುವುದು ನಮ್ಮ ಕೆಲಸವೇ ಆಗಿತ್ತು.

ಅದಕ್ಕೆ ಅಕ್ಕೋರು ಮಾಡುವ ತಯಾರಿ ನೋಡಬೇಕು! ಊರಲ್ಲಿ ಎಲ್ಲೆಲ್ಲಿ ಕಟ್ಟಡ ಏಳುತ್ತಿದೆ, ಯಾವ ಬಸ್ಸು, ಎಲ್ಲಿ ಇಳಿಯಬೇಕು, ಕೂಲಿಗಳ ಮುಕಾದಮ ಯಾರು ಎಂಬುದನ್ನೆಲ್ಲ ಚೀಟಿಯಲ್ಲಿ ಬರೆದು ಒಬ್ಬೊಬ್ಬರ ಕೈಗೆ ಕೊಡುವರು. "ಮುಂಜಾನೆ ರೊಟ್ಟಿ ಬಡಿಯೂ ಹೊತ್ತಿಗೆ ಹೋಗ್ರಿ. ಅಪ್ಪಗ ಕೇಳಬ್ಯಾಡ್ರಿ, ನೋಡೂಣ್ರಿ ಅಂತಾನ. ಅವ್ವಗ ಕೇಳ್ರಿ, ಯಾವಾಗಿಂದ ಕಳಸ್ಲಿ ಅಂತಾಳ." ಅವರು ಹೇಳಿದಂತೆ ಹೋದವರು ಬರಿಗೈಲಿ ಬಂದದ್ದು ಕಡಿಮೆ. ಹೇಳಿದಂತೆ ಹೋಗದೆ ಒಮ್ಮೆ ನಾನು ಮಧ್ಯಾಹ್ನ ಹೋಗಿ, ಸಿಮೆಂಟಿನ ಧೂಳು ಕುಡಿದು ಬಂದೆ. ಅಕ್ಕೋರು ಬೈಯಲಿಲ್ಲ. ಮರುದಿನ ಮುಂಜಾನೆ ಆರಕ್ಕೆ ನಮ್ಮ ಮನೆ ಬಾಗಿಲಲ್ಲಿ ಕೊಡೆ ಹಿಡಿದು ನಿಂತಿದ್ದರು.

ಒಂದು ಮಳೆಗಾಲದಲ್ಲಿ ಎರಡು ಕೋಣೆಗಳು ಸೋರಿ ನೆಲವೆಲ್ಲ ನೀರಾಯಿತು. ನಾವು ಶಿಕ್ಷಕಿಯರು ಸೀರೆ ಎತ್ತಿ ಹಿಡಿದು, ಸೂಟಿ ಕೊಡಬೇಕೋ ಬೇಡವೋ ಎಂದು ಪಂಚಾಯಿತಿ ಹೂಡಿದೆವು. ಅಷ್ಟರಲ್ಲಿ ಅಕ್ಕೋರು ಮೂರನೆಯವರನ್ನು ನಾಲ್ಕನೆಯವರ ಕೋಣೆಗೆ ತಂದು, ಬೆನ್ನಿಗೆ ಬೆನ್ನು ಹಚ್ಚಿ ಕೂರಿಸಿ, ಎರಡು ಗೋಡೆಗೆ ಎರಡು ಪಾಠ ಶುರುಮಾಡಿಸಿದ್ದರು. "ಸೂಟಿ ಕೊಡೂದು ಭಾಳ ಸರಳ. ಇವು ಹೋಗಿ ಎಲ್ಲಿ ಕೂಡ್ತಾವ ಹೇಳ್ರಿ? ಇವುಗಳ ತಗಡಿನ ಗುಡಿಸಲೂ ಸೋರ್ತಾವ" ಎಂದರು. ನಮಗ್ಯಾರಿಗೂ ಅದು ಹೊಳೆದಿರಲಿಲ್ಲ.

ಅವರ ಈ ಗುಣವನ್ನು ನಾನು ಮೆಚ್ಚಿದ್ದೆ. ಅದರ ಬಿಸಿ ನನಗೇ ತಟ್ಟುವವರೆಗೆ.

ಇಸವಿ ಎರಡು ಸಾವಿರದ ಆಚೀಚೆಯ ಮಾತು. ಐದನೆಯ ತರಗತಿ ಉಳಿಯಬೇಕಾದರೆ ಇಪ್ಪತ್ತು ಮಕ್ಕಳ ಹೆಸರು ಬೇಕಿತ್ತು, ನಮ್ಮಲ್ಲಿ ಸರಿಯಾಗಿ ಇಪ್ಪತ್ತೇ ಇದ್ದವು. ತರಗತಿ ಹೋದರೆ ಎಲ್ಲರಿಗಿಂತ ಕೊನೆಗೆ ಸೇರಿದ ನನ್ನ ನೌಕರಿಯೂ ಹೋಗುತ್ತಿತ್ತು. ಮರುದಿನವೇ ತಪಾಸಣೆ. ಸಂಜೆ ಶಾಲೆ ಬಿಡುವ ಹೊತ್ತಿಗೆ ಹಣಮಂತ ಬಂದ. ನನ್ನ ತರಗತಿಯ ಶರಣಮ್ಮನ ತಂದೆ. ಮಗ್ಗಿ ಹೇಳುತ್ತ ಹೇಳುತ್ತ ಜಡೆ ಹೆಣೆದುಕೊಳ್ಳುವ ಜಾಣ ಹುಡುಗಿ ಅವಳು.

"ಇಲ್ಲಿ ಕೆಲ್ಸ ಮುಗೀತ್ರಿ ಅಕ್ಕೋರ. ಬಾರಾಮತಿಗೆ ಹೊಂಟೀವ್ರಿ, ಸಕ್ರಿ ಕಾರ್ಖಾನಿ ಕಟ್ಟೂ ಕೆಲ್ಸ. ಲಾರಿ ಬಂದು ನಿಂತೈತ್ರಿ. ಹುಡುಗಿದು ಸಾಲಿ ಬಿಟ್ಟ ದಾಖ್ಲಾ ಕೊಟ್ರ ಅಲ್ಲಿ ಹಾಕ್ತೀನ್ರಿ."

ನಾನು ಅಕ್ಕೋರನ್ನು ಬದಿಗೆ ಕರೆದೆ. ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಸಾಕು, ಒಂದು ದಿನ ಬರಲಿಲ್ಲವೆಂದು ಯಾರೂ ಕೇಳುವುದಿಲ್ಲ, ದಾಖಲೆಯನ್ನು ನಾಡಿದ್ದು ಅಂಚೆಗೆ ಹಾಕೋಣ ಎಂದೆ.

"ಯಾವ ವಿಳಾಸಕ್ಕ ಹಾಕ್ಲಿ ಸುಮಾ? ಇವರಿಗೆ ವಿಳಾಸ ಅನ್ನೂದು ಅದ ಏನು?"

"ಅಕ್ಕೋರ, ನನ್ನ ನೌಕರಿ…"

"ಗೊತ್ತದವಾ" ಎಂದರು. ಕುರ್ಚಿಯಲ್ಲಿ ಕುಳಿತು, ಹತ್ತು ನಿಮಿಷದಲ್ಲಿ ದಾಖಲೆ ಬರೆದು, ಮೊಹರು ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಣಮಂತನ ಕೈಗಿತ್ತರು. ಶರಣಮ್ಮ ನನಗೆ ಕೈ ಬೀಸಿ ಹೋದಳು. ನಾನು ಬೀಸಲಿಲ್ಲ.

ತರಗತಿ ಮುಚ್ಚಿತು. ಉಳಿದ ಹತ್ತೊಂಬತ್ತು ಮಕ್ಕಳನ್ನು ಅಕ್ಕೋರು ತಾವೇ ಕೈಹಿಡಿದು ಬೇರೆ ಬೇರೆ ಶಾಲೆಗೆ ಸೇರಿಸಿ ಬಂದರು. ಖಡಕಿಯ ಒಂದು ಮರಾಠಿ ಶಾಲೆಯ ಕಚೇರಿಯಲ್ಲಿ ನನಗೂ ಗುಮಾಸ್ತೆಯ ಕೆಲಸ ಕೊಡಿಸಿದರು. ಅದನ್ನು ಋಣವೆಂದು ನಾನು ಒಪ್ಪಲಿಲ್ಲ. ಪಾಠ ಹೇಳಬೇಕಾದ ನನ್ನನ್ನು ಕಡತದ ಧೂಳಿಗೆ ತಳ್ಳಿದರು ಎಂಬ ಸಿಟ್ಟನ್ನು ವರ್ಷಗಟ್ಟಲೆ ಉಪ್ಪಿನಕಾಯಿಯ ಹಾಗೆ ಭರಣಿ ತುಂಬಿ ಇಟ್ಟುಕೊಂಡೆ. ಹಬ್ಬಕ್ಕೆ ಕರೆದರೂ ನೆವ ಹೇಳಿ ತಪ್ಪಿಸಿಕೊಂಡೆ.

ಏಳೆಂಟು ವರ್ಷಗಳ ಮೇಲೆ, ಅಕ್ಕೋರಿಗೆ ಹೃದಯದ ಬೇನೆ ಎಂದು ಕೇಳಿ ನೋಡಲು ಹೋದೆ. ಹಾಸಿಗೆಯಲ್ಲಿ ದಿಂಬಿಗೊರಗಿದ್ದರು, ಮೊಣಕೈ ಎಲುಬು ಎದ್ದು ಕಾಣುತ್ತಿತ್ತು. ಚಹಾ ಕುಡಿಯುತ್ತ, ಸ್ವಲ್ಪ ಚುಚ್ಚಬೇಕೆಂದೇ ಕೇಳಿದೆ: "ಶರಣಮ್ಮ ಈಗ ಕಾಲೇಜಿಗೆ ಹೋಗತಿರಬೇಕಲ್ರಿ ಅಕ್ಕೋರ?"

ಅವರು ದಿಂಬಿನಿಂದ ಸ್ವಲ್ಪ ಮೇಲಕ್ಕೆ ಸರಿದು ಕುಳಿತರು. ಆಮೇಲೆ ಹೇಳಿದರು.

"ಅದರ ಮುಂದಿನ ತಿಂಗಳೇ ಬಾರಾಮತಿಗೆ ಹೋಗಿದ್ದೆ ಸುಮಾ, ಒಂದು ರವಿವಾರ. ಹುಡುಗಿ ಇಟ್ಟಂಗಿ ಹೊರತಿದ್ಳು. ದಾಖಲೆ ಟ್ರಂಕಿನ್ಯಾಗ ಇತ್ತು. ನಾ ಸುತ್ತಿ ಕೊಟ್ಟ ಚೀಲ ಬಿಚ್ಚಿದ್ದೇ ಇಲ್ಲ. ಸೋಮವಾರ ರಜಾ ಹಾಕಿ, ಅಲ್ಲಿ ಸಾಲಿಗೆ ನಾನೇ ಕರ್ಕೊಂಡು ಹೋಗಿ ಹೆಸರು ಹಚ್ಚಿ ಬಂದೆ. ಮತ್ತ ಹೋಗೂದ್ರಾಗ ಅವರು ಅಲ್ಲಿಂದನೂ ಹೋಗಿದ್ರು. ಎಲ್ಲಿಗೆ ಅಂತ ಯಾರಿಗೂ ಗೊತ್ತಿರಲಿಲ್ಲ."

ಚಹಾದ ಕಪ್ಪು ಕೆಳಗಿಟ್ಟೆ. "ನನಗ್ಯಾಕ ಹೇಳಲಿಲ್ರಿ?"

"ಏನಂತ ಹೇಳ್ಲಿ? ನಿನ್ನ ನೌಕರಿ ಅಂತೂ ಹೋಗಿತ್ತು. ಒಂದು ಹುಡುಗಿ ಓದಲಿಕತ್ತದ, ಅದಕ್ಕ ಹೋತು ಅಂತ ನಿನಗ ಅನ್ನಿಸಿದ್ರ ಆ ಸಮಾಧಾನನಾದ್ರೂ ಉಳೀತದ ಅಂತ ಸುಮ್ಮನಿದ್ದೆ."

"ಹಂಗಾದ್ರ ಅವತ್ತು ಬರದಕೊಟ್ಟದ್ದು ತಪ್ಪಾತು ಅಂತೀರೇನು?"

"ತಪ್ಪಲ್ಲ. ಇವತ್ತ ಬಂದು ಕೇಳಿದ್ರೂ ಬರದ ಕೊಡ್ತೀನಿ. ಆದ್ರ ಸುಮಾ…" ಎಂದು ನಿಲ್ಲಿಸಿದರು. ಕಣ್ಣು ಒರೆಸಿಕೊಳ್ಳಲು ಕೈ ಎತ್ತಿದರು, ಅದು ಅರ್ಧಕ್ಕೇ ಇಳಿಯಿತು. ನಾನೇ ಸೆರಗಿನಿಂದ ಒರೆಸಿದೆ.

ಸಿಟ್ಟಿಲ್ಲ ಅಕ್ಕೋರ, ನೀವು ಮಾಡಿದ್ದು ಸರಿಯಿತ್ತು ಎಂದು ಆಗಲೇ ಹೇಳಬೇಕಿತ್ತು. ಇಷ್ಟು ವರ್ಷದ ಮುನಿಸನ್ನು ಒಂದೇ ಗಳಿಗೆಯಲ್ಲಿ ಬಿಟ್ಟುಕೊಡಲು ನಾಚಿಕೆಯಾಯಿತೋ ಏನೋ. ದೀಪಾವಳಿಗೆ ಕರ್ಜಿಕಾಯಿ ಮಾಡಿಕೊಂಡು ಬಂದು ಸಮಾಧಾನವಾಗಿ ಹೇಳಿದರಾಯಿತು ಎಂದುಕೊಂಡು, ಬಸ್ಸಿನ ಹೊತ್ತಾಯಿತೆಂದು ಎದ್ದೆ. ದೀಪಾವಳಿಗೆ ಇನ್ನೂ ಹನ್ನೊಂದು ದಿನ ಇರುವಾಗ ಅವರು ಹೋದರು.