ಎರಡು ಬೆರಳಿಗಿಂತ ಮೇಲೆತ್ತದ ಮೆಲ್ಲಣ್ಣ

ಬೆಳಗಿನ ಆರು ಗಂಟೆ. ಜಗುಲಿಯ ಪಕ್ಕದ ಚಿಕ್ಕ ಕೋಣೆಯಲ್ಲಿ ನಿವೃತ್ತ ಗುಮಾಸ್ತರೊಬ್ಬರು ಬರೀ ಗಾಳಿಯಲ್ಲಿ ಹ್ಯಾಂಡಲ್ ತಿರುಗಿಸುತ್ತಿದ್ದಾರೆ. ಅವರ ಮುಂದೆ ಯಂತ್ರವಿಲ್ಲ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಒಂದು ಚೌಕ ಮಾತ್ರ ಇದೆ. ಚೌಕದ ಪಕ್ಕ ಮಂಡಿಯೂರಿ ಕೂತ ಮನುಷ್ಯ, "ಇನ್ನೂ ಬಲಕ್ಕೆ ತಿರುಗ್ಸಿ ಸಾರ್, ಟೇಬಲ್ ಪೂರ್ತಿ ಆ ಕಡೆ ಹೋಗ್ಲಿ" ಎನ್ನುತ್ತಿದ್ದಾನೆ. ಗುಮಾಸ್ತರು ಇಲ್ಲದ ಹ್ಯಾಂಡಲನ್ನು ಇನ್ನಷ್ಟು ತಿರುಗಿಸುತ್ತಾರೆ. ಅವರ ಮೊಣಕೈ ಗೋಡೆಗೆ ಬಡಿಯುತ್ತದೆ. ಬಾಗಿಲಲ್ಲಿ ಪೊರಕೆ ಹಿಡಿದು ನಿಂತ ಅವರ ಹೆಂಡತಿ ನನ್ನ ಮುಖ ನೋಡುತ್ತಾರೆ. ನಗಬೇಕೋ ಅಳಬೇಕೋ ಇಬ್ಬರಿಗೂ ತಿಳಿಯುವುದಿಲ್ಲ.

"ನೋಡಿದ್ರಾ? ಮೂಲೇಲಿ ಇಟ್ಟಿದ್ರೆ ದಿನಾ ಹೀಗೇ ಬಡಿಸ್ಕೋತಿದ್ರಿ," ಎಂದು ಕೂತವನು ಚೌಕವನ್ನು ಅಂಗೈಯಿಂದ ಒರೆಸಿ, ಒಂದು ಗೇಣು ಈಚೆಗೆ ಹೊಸದಾಗಿ ಬರೆಯುತ್ತಾನೆ. ಗುಮಾಸ್ತರು ಮತ್ತೆ ಮೊದಲಿನಿಂದ ತಿರುಗಿಸಬೇಕು.

ಈತನನ್ನು ಎಲ್ಲರೂ ಕರೆಯುವುದು ಮೆಲ್ಲಣ್ಣ ಎಂದು. ಭಾರದ ಯಂತ್ರಗಳನ್ನು ಲಾರಿಯಿಂದ ಇಳಿಸಿ ಒಳಗೆ ಕೂರಿಸುವುದು ಕಸುಬು. ಮೂವತ್ತೊಂದು ವರ್ಷಗಳಲ್ಲಿ ಆತ ಅತಿ ಹೆಚ್ಚು ಆಡಿರುವ ಮಾತು "ಮೆಲ್ಲಗೆ", ಹಾಗಾಗಿ ಈ ಹೆಸರು. ನಿಜವಾದ ಹೆಸರನ್ನು ನಾನು ಬರೆಯುವಂತಿಲ್ಲ. ಈ ಲೇಖನಕ್ಕಾಗಿ ನಾಲ್ಕು ಸಲ ಫೋನ್ ಮಾಡಿದಾಗ ಮೂರು ಸಲ ಖಡಾಖಂಡಿತವಾಗಿ ಆಗಲ್ಲ ಅಂದಿದ್ದ. ಕಾರಣ ಕೇಳಿದರೆ ಒಂದೇ ಉತ್ತರ: "ನಮ್ಮನೆ ಸುದ್ದಿ ಒಂದ್ಸಲ ಪೇಪರ್‌ನಲ್ಲಿ ಬಂದಿದೆ ಮೇಡಂ. ಸಾಕು." ನಾಲ್ಕನೆಯ ಸಲ ಒಪ್ಪಿಕೊಂಡ. ಹೆಸರು ಹಾಕಬಾರದು, ಫೋಟೋ ತೆಗೆಯಬಾರದು, ಕೆಲಸ ನಡೆಯುವಾಗ ಬಾಯಿ ಬಿಡಬಾರದು. ಇಷ್ಟೆಲ್ಲ ಷರತ್ತು ಹಾಕುವ ಎಲೆಮರೆಯ ಕಾಯಿಯನ್ನು ನಾನು ಇದುವರೆಗೆ ಕಂಡಿರಲಿಲ್ಲ.

ಇವತ್ತು ಬರಬೇಕಾಗಿರುವುದು ಒಂದು ಮಿಲ್ಲಿಂಗ್ ಮಷಿನ್. ಲೋಹದ ತುಂಡನ್ನು ಕೆಳಗೆ ಟೇಬಲ್ಲಿನ ಮೇಲೆ ಬಿಗಿದಿಟ್ಟು, ಮೇಲೆ ತಿರುಗುವ ಹಲ್ಲಿನಿಂದ ಅದನ್ನು ಕೊರೆದು ಕೆತ್ತುವ ಯಂತ್ರ. ಆಳೆತ್ತರ, ತೂಕ ಹನ್ನೊಂದು ನೂರು ಕಿಲೋ. ಅದರಲ್ಲಿ ಪುಟ್ಟ ಪುಟ್ಟ ಉಗಿ ಇಂಜಿನ್ನುಗಳನ್ನು ಮಾಡಬೇಕೆನ್ನುವುದು ಗುಮಾಸ್ತರ ಬಹುದಿನದ ಆಸೆ. ಹೆಂಡತಿಗೆ ಅವರು ಹೇಳಿದ್ದು, ಅದು ಹೊಲಿಗೆ ಯಂತ್ರಕ್ಕಿಂತ ಸ್ವಲ್ಪ ದೊಡ್ಡದಿರುತ್ತದೆ ಅಂತ. ಆ ಮಾತು ನಂಬಿ ಆಕೆ ಕೋಣೆಯ ಒಂದು ಕಪಾಟನ್ನಷ್ಟೇ ಖಾಲಿ ಮಾಡಿಕೊಟ್ಟಿದ್ದರು. ಸೀಮೆಸುಣ್ಣದ ಚೌಕ ಕಂಡ ಮೇಲೆ ಗಂಡನ ಜೊತೆ ಮಾತು ನಿಂತಿದೆ.

ಆರಕ್ಕೆ ಬರಬೇಕಿದ್ದ ಲಾರಿ ಏಳೂ ನಲವತ್ತಕ್ಕೆ ಬರುತ್ತದೆ. ಬಂದದ್ದು ಮನೆಯ ಮುಂದೆ ಅಲ್ಲ, ಗಲ್ಲಿಯ ತುದಿಗೆ. ಚಾಲಕ ಇಳಿದು ಚೀಟಿ ಚಾಚಿ ಸಹಿ ಕೇಳುತ್ತಾನೆ. ಚೀಟಿಯಲ್ಲಿ 'ಮನೆಗೆ ತಲುಪಿಸುವುದು' ಎಂದು ಸ್ಪಷ್ಟವಾಗಿ ಇದೆಯಲ್ಲ ಎಂದು ಗುಮಾಸ್ತರು ತೋರಿಸಿದರೆ, ಆತ ಕೈಯೆತ್ತಿ ಗೇಟಿನತ್ತ ತೋರಿಸಿ, "ಮನೆ ಕಾಣ್ತಿದೆಯಲ್ಲ, ತಲುಪ್ಸಿದ್ದೀನಿ" ಎನ್ನುತ್ತಾನೆ. ಸಾಗಣೆ ಕಂಪನಿಗೆ ಫೋನ್ ಹಚ್ಚಿದರೆ ಹನ್ನೆರಡು ನಿಮಿಷ ಸಂಗೀತ ಕೇಳಿಸುತ್ತದೆ, ಆಮೇಲೆ ಲೈನ್ ಕಡಿಯುತ್ತದೆ. ನನಗೇ ಪಿತ್ತ ನೆತ್ತಿಗೇರುತ್ತದೆ. ಮೆಲ್ಲಣ್ಣ ಮಾತ್ರ ಚಾಲಕನಿಗೆ ಚಹಾ ತರಿಸಿ, ಗಲ್ಲಿಯ ಅಗಲ ಅಳೆದು, ಲಾರಿ ಹಿಮ್ಮುಖವಾಗಿ ಗೇಟಿನವರೆಗೆ ಬರುತ್ತದೆಂದು ತೋರಿಸಿಕೊಡುತ್ತಾನೆ. ಎರಡೂ ಬದಿಗೆ ಅಂಗೈಯಗಲ ಜಾಗ ಉಳಿಯುತ್ತದೆ. ಲಾರಿ ಬರುತ್ತದೆ.

ಬಂದ ಮೇಲಾದರೂ ಕೆಲಸ ಶುರುವಾಯಿತೇ? ಇಲ್ಲ. ಮೆಲ್ಲಣ್ಣ ಲಾರಿ ಹತ್ತಿ ಯಂತ್ರದ ಸುತ್ತ ಒಂದು ಸುತ್ತು ಬಂದು, ಕೆಳಗಿಳಿದು, ಸ್ಪ್ಯಾನರ್ ತೆಗೆಯುತ್ತಾನೆ. ಮಾರಿದವರು ಯಂತ್ರದ ತಲೆಯನ್ನು ನೆಟ್ಟಗೆ ನಿಲ್ಲಿಸಿಯೇ ಕಳಿಸಿದ್ದಾರೆ. ಭಾರವೆಲ್ಲ ಮೇಲಿದ್ದರೆ ಯಂತ್ರ ಬೇಗ ವಾಲುತ್ತದೆ. ಬೋಲ್ಟು ಸಡಿಲಿಸಿ ತಲೆಯನ್ನು ಕೆಳಮುಖ ಮಾಡಬೇಕು, ಟೇಬಲ್ಲನ್ನು ತಳಕ್ಕಿಳಿಸಬೇಕು. ಚಾಲಕನಿಗೆ ಇನ್ನೂ ಮೂರು ಕಡೆ ಹೋಗುವುದಿದೆ. ನಾಲ್ಕು ಹಳೆ ಟೈರ್ ಹಾಸಿ ಅದರ ಮೇಲೆ ದೂಡಿಬಿಡೋಣ, ಎಲ್ಲ ಕಡೆ ಹಾಗೇ ಮಾಡುವುದು ಎಂದು ಅವನ ಸಲಹೆ. ಮೆಲ್ಲಣ್ಣ ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಒಂದು ಗಂಟೆ ಐದು ನಿಮಿಷ ಹಿಡಿಯುತ್ತದೆ. ಚಾಲಕ ಹಾರ್ನ್ ಒತ್ತುತ್ತಾನೆ. ಗಲ್ಲಿಯಲ್ಲಿ ಸಿಕ್ಕಿಕೊಂಡ ಸ್ಕೂಟರಿನವರೂ ಒತ್ತುತ್ತಾರೆ. ಎದುರು ಮನೆಯ ಅಜ್ಜಿ ಕುರ್ಚಿ ತಂದು ಗೇಟಿನ ಬಳಿ ಹಾಕಿಕೊಳ್ಳುತ್ತಾರೆ.

ಮೆಲ್ಲಣ್ಣನ ಸಲಕರಣೆ ಹೆಚ್ಚಿಲ್ಲ. ಬಿಡಿಸಿ ಜೋಡಿಸಬಹುದಾದ ಕಬ್ಬಿಣದ ನಾಲ್ಕು ಕಾಲು, ಮೇಲಕ್ಕೊಂದು ಅಡ್ಡ ದೂಲ, ಅದರಿಂದ ನೇತುಹಾಕುವ ಚೈನು, ಎರಡು ಹಾರೆ, ಏಳು ಉರುಟು ಕೊಳವೆ. ಉಳಿದದ್ದೆಲ್ಲ ಮರ. ನಲವತ್ತು ದಿಮ್ಮಿ, ಒಂದು ಗೋಣಿಚೀಲ ತುಂಬ ಬೆಣೆ. ಪ್ರತಿಯೊಂದರ ಮೇಲೂ ಮುತ್ತಿನಂಥ ಅಕ್ಷರದಲ್ಲಿ ಸಂಖ್ಯೆ ಬರೆದಿದೆ. ಬರೆದವರು ಯಾರೆಂದು ಕೇಳಬೇಕೆಂದು ಬಾಯಿ ತೆರೆದದ್ದೇ ತಡ, "ಮೇಡಂ, ಗೆರೆ" ಎನ್ನುತ್ತಾನೆ. ಅಂಗಳದಲ್ಲಿ ಆತ ಎಳೆದ ಸೀಮೆಸುಣ್ಣದ ಗೆರೆಯನ್ನು ನನ್ನ ಚಪ್ಪಲಿ ತುಳಿದಿದೆ. ಆ ಗೆರೆಯೊಳಗೆ ಇಬ್ಬರೇ ಇರತಕ್ಕದ್ದು, ಆತ ಮತ್ತು ಆತನ ಭಾವಮೈದುನ. ಮಾತಾಡುವವನು ಒಬ್ಬನೇ.

ಹಾಗೆ ನೋಡಿದರೆ ಇವರ ಕೆಲಸದಲ್ಲಿ ಇರುವುದು ಒಂದೇ ನಿಯಮ. ಕಬ್ಬಿಣಕ್ಕೂ ಅದರ ಕೆಳಗಿನ ಮರಕ್ಕೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದು ಇರಕೂಡದು. ಚೈನಿನಿಂದ ಯಂತ್ರವನ್ನು ಎರಡು ಬೆರಳಷ್ಟು ಎತ್ತುತ್ತಾರೆ. ಲಾರಿ ಕೆಳಗಿನಿಂದ ಮುಂದಕ್ಕೆ ಜಾರಿಕೊಳ್ಳುತ್ತದೆ. ಅದು ಸರಿದ ಹಾಗೆಲ್ಲ, ಮೊದಲೇ ಜೋಡಿಸಿಟ್ಟ ದಿಮ್ಮಿಗಳ ಅಟ್ಟಿಯನ್ನು ಹಾರೆಯಿಂದ ಯಂತ್ರದ ಕೆಳಕ್ಕೆ ತಳ್ಳುತ್ತಾರೆ, ಕೈಯನ್ನಂತೂ ಹಾಕುವುದಿಲ್ಲ. ಆಮೇಲೆ ಒಂದು ವರಸೆ ದಿಮ್ಮಿ ತೆಗೆಯುವುದು, ಇಳಿಸುವುದು, ಇನ್ನೊಂದು ತೆಗೆಯುವುದು, ಇಳಿಸುವುದು. ಮೂರಡಿ ಕೆಳಗೆ ಬರಲು ಐವತ್ತು ನಿಮಿಷ. ನೋಡುವವರ ತಲೆ ಚಿಟ್ಟು ಹಿಡಿಯುತ್ತದೆ. ಎದುರು ಮನೆಯ ಅಜ್ಜಿ ಬೇಸತ್ತು ಒಳಗೆ ಹೋಗಿ ತರಕಾರಿ ಹೆಚ್ಚಿ ಮುಗಿಸಿ ಮತ್ತೆ ಬರುವಾಗಲೂ ಯಂತ್ರ ನೆಲ ಮುಟ್ಟಿರಲಿಲ್ಲ.

ಗುಮಾಸ್ತರ ತಾಳ್ಮೆ ಅಷ್ಟರಲ್ಲಿ ಹರಿದುಹೋಗಿದೆ. ಪಾಪ, ಅವರದೂ ತಪ್ಪಲ್ಲ. ಎರಡು ವರ್ಷ ಪುಸ್ತಕ ಓದಿ, ಎಂಟು ತಿಂಗಳು ಹುಡುಕಿ, ಬಾಗಿಲನ್ನು ಹದಿನೇಳು ಸಲ ಅಳೆದಿದ್ದಾರೆ. ಜಗುಲಿಯ ನೆಲವನ್ನು ಮಾತ್ರ ಒಮ್ಮೆಯೂ ತಟ್ಟಿ ನೋಡಿಲ್ಲ. ಮೆಲ್ಲಣ್ಣ ತಟ್ಟಿ ನೋಡಿದ್ದಾನೆ. ಹೊಸ್ತಿಲ ಬಳಿಯ ಎರಡು ಟೈಲ್ಸು ಟೊಳ್ಳು ಸದ್ದು ಮಾಡಿದ್ದಕ್ಕೆ ಅವುಗಳ ಮೇಲೆ ಗುರುತು ಹಾಕಿ, ದಪ್ಪ ಹಲಗೆ ಹಾಸಿದ್ದಾನೆ. ಅದಕ್ಕೂ ಇಪ್ಪತ್ತು ನಿಮಿಷ. ಬೇಗ ಮುಗಿಸಿ ಎಂದು ಗುಮಾಸ್ತರು ಮೂರನೆಯ ಸಲ ಹೇಳುತ್ತಾರೆ. ಅವರ ಹೆಂಡತಿ ಆ ಬೆಳಗಿನ ಮೊದಲ ಮಾತನ್ನು ಗಂಡನಿಗೆ ಆಡುತ್ತಾರೆ: "ನೀವು ಸುಮ್ಮನಿದ್ರೆ ಅದೇ ಬೇಗ ಮುಗಿಯುತ್ತೆ."

ಹನ್ನೊಂದು ಗಂಟೆಗೆ ಯಂತ್ರ ಕೊಳವೆಗಳ ಮೇಲೆ ಉರುಳುತ್ತಾ ಹಲಗೆಯೇರಿ ಜಗುಲಿಗೆ ಬರುತ್ತದೆ. ಮೆಲ್ಲಣ್ಣ ಹಾರೆಯಿಂದ ಗುಲಗಂಜಿಯಷ್ಟು ಮೀಟುತ್ತಾನೆ. ಭಾವಮೈದುನ ಹಿಂದಿನ ಕೊಳವೆಯನ್ನು ಮುಂದಕ್ಕೆ ತಂದಿಡುತ್ತಾನೆ, ಯಂತ್ರದ ಎರಡೂ ಅಂಚಿನ ಕೆಳಗಿಟ್ಟ ದಿಮ್ಮಿಗಳನ್ನು ಹಾರೆಯ ತುದಿಯಿಂದ ಜೊತೆಗೇ ಸರಿಸುತ್ತಾನೆ. ಹೊಸ್ತಿಲಿಗೆ ಇನ್ನೊಂದು ಮೊಳ. ಆಗ ಹಲಗೆಯ ಕೆಳಗೆ 'ಟಕ್' ಎನ್ನುತ್ತದೆ. ಟೈಲ್ಸು ಕುಸಿದಿದೆ. ಹಲಗೆ ಒಂದು ಬದಿಗೆ ಕೂರುತ್ತದೆ, ಹನ್ನೊಂದು ನೂರು ಕಿಲೋ ಕಬ್ಬಿಣ ಎಡಕ್ಕೆ ವಾಲುತ್ತದೆ.

ಆ ಗಳಿಗೆಯಲ್ಲಿ ಗುಮಾಸ್ತರು ಗೆರೆ ದಾಟಿ ಓಡುತ್ತಾರೆ. ಯಂತ್ರದ ಎಡಕ್ಕೆ ನಿಂತು ಎರಡೂ ಅಂಗೈ ಊರಿ ತಡೆಯಲು ಹೋಗುತ್ತಾರೆ. ಬೀಳುವ ಮಗುವನ್ನು ಹಿಡಿಯಲು ಹೋಗುವ ಹಾಗೆ, ಯೋಚನೆಯೇ ಮಾಡದೆ. ಮೆಲ್ಲಣ್ಣ ಹಾರೆ ಬಿಸಾಡಿ, ಅವರ ಅಂಗಿಯ ಕೊರಳಪಟ್ಟಿ ಹಿಡಿದು ಹಿಂದಕ್ಕೆಳೆದು ಕೆಡವುತ್ತಾನೆ. ಅರವತ್ತೆರಡರ ಮನುಷ್ಯ ಅಂಗಳದಲ್ಲಿ ಅಂಗಾತ ಬೀಳುತ್ತಾರೆ. ಯಂತ್ರ ಎರಡು ಬೆರಳಷ್ಟು ವಾಲಿ, ಕೆಳಗಿದ್ದ ದಿಮ್ಮಿಯ ಮೇಲೆ ಕೂತು, ನಿಲ್ಲುತ್ತದೆ. ಅಷ್ಟೇ ಆದದ್ದು.

ಅಂದು ಮೆಲ್ಲಣ್ಣನ ದನಿ ಏರಿದ್ದು ಆಗೊಮ್ಮೆ ಮಾತ್ರ. "ಬೀಳೋ ಮಷಿನ್ ಬೀಳ್ಲಿ ಸಾರ್! ಇನ್ನೊಂದು ಸಿಗುತ್ತೆ. ನಿಮ್ಮ ಕೈಯಿಂದ ಅದು ನಿಲ್ಲಲ್ಲ." ಗುಮಾಸ್ತರ ಹೆಂಡತಿ ಬಂದು ಗಂಡನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಹತ್ತೂ ಬೆರಳಿವೆ. ಆಕೆ ಚಹಾ ಮಾಡಲು ಒಳಗೆ ಹೋಗುತ್ತಾರೆ.

ಚಹಾ ಬರುವ ತನಕ ಮೆಲ್ಲಣ್ಣ ಅಂಗಳದ ಕಟ್ಟೆಯ ಮೇಲೆ ಕೂರುತ್ತಾನೆ. ಮಂಡಿ ಎರಡೂ ಊದಿಕೊಂಡಿವೆ, ಮೆಟ್ಟಿಲು ಹತ್ತಬೇಡ ಎಂದು ಡಾಕ್ಟರು ಹೇಳಿ ಮೂರು ವರ್ಷವಾಯಿತಂತೆ. ತಿಂಗಳಿಗೆ ಎಂಟೋ ಒಂಬತ್ತೋ ಯಂತ್ರ, ಎಲ್ಲವೂ ಮೆಟ್ಟಿಲಿರುವ ಕಡೆಗೇ. ಈಗ ನಾನು ಮಾತಾಡಬಹುದು. ದಿಮ್ಮಿಗಳ ಮೇಲೆ ಸಂಖ್ಯೆ ಬರೆದವರು ಯಾರು ಎಂದು ಕೇಳುತ್ತೇನೆ.

"ನಮ್ಮಣ್ಣ," ಎನ್ನುತ್ತಾನೆ.

ಕಸುಬು ಕಲಿಸಿದ್ದು ಆ ಅಣ್ಣನೇ. ಹತ್ತೊಂಬತ್ತು ವರ್ಷದ ಹಿಂದೆ ಅಣ್ಣ ತಮ್ಮ ಸೇರಿ ಒಂದು ಅಚ್ಚುಕೂಟದಲ್ಲಿ ಕಾಗದ ಕತ್ತರಿಸುವ ಯಂತ್ರ ಇಳಿಸುತ್ತಿದ್ದರು. ಮಾಲೀಕರು ಅವಸರ ಮಾಡಿದರು, ದಿಮ್ಮಿ ಇಡಲು ಬಿಡಲಿಲ್ಲ. ಯಂತ್ರ ವಾಲಿದಾಗ ಮಾಲೀಕರೇ ಅದಕ್ಕೆ ಅಂಗೈ ಊರಿ ನಿಂತರು. ಅಣ್ಣ ಅವರನ್ನು ಎಳೆದು ಹಾಕಿದ. ಅವರು ಬದುಕಿಕೊಂಡರು, ಅಣ್ಣನ ಎಡ ಪಾದ ಹೋಯಿತು. ಮಾರನೆಯ ದಿನ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಹೆಸರು, ಊರು, ವಯಸ್ಸು, ಕೊನೆಗೆ 'ಕಾರ್ಮಿಕನ ನಿರ್ಲಕ್ಷ್ಯವೇ ಅವಘಡಕ್ಕೆ ಕಾರಣ' ಎಂದು.

ಯಾವ ಪತ್ರಿಕೆ ಎಂದು ಆತ ಹೇಳಲಿಲ್ಲ. ನಮ್ಮದೇ ಇರಬಹುದು. ಕೇಳುವ ಧೈರ್ಯ ನನಗೆ ಬರಲಿಲ್ಲ. ಬೆಳಗಿನಿಂದ ಲಾರಿಯವನ ಮೇಲೆ, ಕಂಪನಿಯ ಮೇಲೆ, ಮೆಲ್ಲಣ್ಣನ ನಿಧಾನದ ಮೇಲೆ ಸಿಡಿಮಿಡಿಗೊಂಡಿದ್ದೆ. ಆ ಸಿಟ್ಟೆಲ್ಲ ಈಗ ನನ್ನ ಕೈಲಿದ್ದ ಪೆನ್ನಿನ ಕಡೆಗೇ ತಿರುಗುತ್ತದೆ. ಒಂದು ಫೋನ್ ಮಾಡಿ ವಿಚಾರಿಸಲಾರದವನು ಯಾವನೋ ಆ ಸಾಲು ಬರೆದ, ಇನ್ನೊಬ್ಬ ಅಚ್ಚು ಹಾಕಿದ.

ಅಣ್ಣ ಈಗ ಮನೆಯಲ್ಲಿ ಕೂತು ಮರ ಕೊಯ್ಯುತ್ತಾನೆ. ದಿಮ್ಮಿ, ಬೆಣೆ ಎಲ್ಲ ಅವನದೇ. ಪ್ರತಿ ಸಂಜೆ ನಲವತ್ತನ್ನೂ ಎಣಿಸಿ, ಬಿರುಕು ಬಿಟ್ಟದ್ದನ್ನು ಒಲೆಗೆ ಹಾಕುತ್ತಾನೆ. ಯಂತ್ರ ವಾಲಿ ಕೂತ ದಿಮ್ಮಿ ಯಾವುದೆಂದು ನೋಡಲು ನಾನು ಜಗುಲಿಗೆ ಹೋದೆ. ಇಪ್ಪತ್ತಾರು. ಮೆಲ್ಲಣ್ಣನಿಗೆ ಸಂಖ್ಯೆ ಹೇಳಿದೆ. "ಇವತ್ತು ಅವನಿಗೆ ತೋರಿಸ್ತೀನಿ," ಎಂದ.

ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ಯಂತ್ರ ಸೀಮೆಸುಣ್ಣದ ಚೌಕದೊಳಗೆ ಕೂರುತ್ತದೆ. ಗೆರೆಯಿಂದ ಕೂದಲೆಳೆಯಷ್ಟೂ ಹೊರಗಿಲ್ಲ. ತಲೆಯನ್ನು ಮತ್ತೆ ನೆಟ್ಟಗೆ ಮಾಡಿ ಬೋಲ್ಟು ಬಿಗಿದ ಮೇಲೆ, ಗುಮಾಸ್ತರು ಬೆನ್ನು ನೀವಿಕೊಳ್ಳುತ್ತಲೇ ಮುಂದೆ ಬಂದು ಹ್ಯಾಂಡಲ್ ಹಿಡಿದು ಬಲಕ್ಕೆ ತಿರುಗಿಸುತ್ತಾರೆ. ಟೇಬಲ್ಲು ಪೂರ್ತಿ ಆಚೆಗೆ ಹೋಗುತ್ತದೆ. ಮೊಣಕೈ ಗೋಡೆಗೆ ತಾಗುವುದಿಲ್ಲ. ಹೊಲಿಗೆ ಯಂತ್ರಕ್ಕಿಂತ ಸ್ವಲ್ಪ ದೊಡ್ಡದೇ ಇದೆ ಎಂದು ಅವರ ಹೆಂಡತಿ ಬಾಗಿಲಿನಿಂದಲೇ ಹೇಳುತ್ತಾರೆ.

ಮೆಲ್ಲಣ್ಣ ದಿಮ್ಮಿಗಳನ್ನು ಸಂಖ್ಯೆಯ ಪ್ರಕಾರ ಗಾಡಿಗೆ ಜೋಡಿಸುತ್ತಾನೆ. ಇಂಥ ಲೇಖನಗಳ ಕೊನೆಗೆ ಕೇಳುವ ಪ್ರಶ್ನೆಯನ್ನು ನಾನೂ ಕೇಳುತ್ತೇನೆ, ನಿಮ್ಮ ಆಸೆ ಏನು ಎಂದು. ಇಪ್ಪತ್ತಾರನೆಯದನ್ನು ಬೇರೆಯಾಗಿ ಸೀಟಿನ ಮೇಲಿಟ್ಟು, ಆತ ನನ್ನ ಕಡೆ ತಿರುಗುತ್ತಾನೆ.

"ನಮ್ಮಣ್ಣ ದಿನಾ ಪೇಪರ್ ಓದ್ತಾನೆ ಮೇಡಂ, ಮೊದಲ್ನೇ ಪುಟದಿಂದ ಕೊನೆ ತನಕ. ನನ್ನ ಬಗ್ಗೆ ಜಾಸ್ತಿ ಬರೀಬೇಡಿ. ಇವತ್ತು ಆಗಿದ್ದಷ್ಟೇ ಬರೀರಿ. ಅವತ್ತು ಬರೆದಷ್ಟೇ ಉದ್ದ ಇದ್ರೆ ಸಾಕು."

ಹೆಚ್ಚು ಬರೆದಿದ್ದೇನೆ, ಮನ್ನಿಸಬೇಕು. ಆತ ಕೇಳಿದ್ದು ಇದು:

ಶನಿವಾರ ಬೆಳಗ್ಗೆ ಹನ್ನೊಂದು ನೂರು ಕಿಲೋ ತೂಕದ ಮಿಲ್ಲಿಂಗ್ ಯಂತ್ರವೊಂದನ್ನು ಇಳಿಸಿ ಮನೆಯೊಳಗೆ ಕೂರಿಸಲಾಯಿತು. ಹೊಸ್ತಿಲ ಬಳಿ ಅದು ವಾಲಿದಾಗ ಕೆಳಗೆ ದಿಮ್ಮಿ ಇತ್ತು. ಯಾರಿಗೂ ಏನೂ ಆಗಲಿಲ್ಲ. ಕಾರ್ಮಿಕನ ಎಚ್ಚರವೇ ಇದಕ್ಕೆ ಕಾರಣ.