ಇಸ್ತ್ರಿ ಸೀರೆಗೆ ಹೋದ ಮೂರು ಗಂಟೆ

ತಪ್ಪು ನನ್ನದೂ ಇದೆ. ಆದರೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಸ್ಟ್ರೋಕ್ ಆದ ಮೇಲೆ ನನ್ನಕ್ಕನಿಗೆ ಬಲಗೈ, ಬಲಗಾಲು ಸ್ವಾಧೀನವಿಲ್ಲ. ತಮಿಳು ಸೀಮೆಯ ತುಡಿಯಲೂರಿನ ನಮ್ಮ ಮನೆಗೆ ಒಂದು ಟ್ರಸ್ಟಿನವರು ದಿನಾ ನಾಲ್ಕು ಗಂಟೆ ಆಯಾಳನ್ನು ಕಳಿಸುತ್ತಿದ್ದರು. ಸ್ನಾನ, ಊಟ, ಎಕ್ಸರ್‌ಸೈಜ್ ಎಲ್ಲಾ ಅವಳದೇ. ನನ್ನ ಈ ಮೊಣಕಾಲಿಟ್ಟುಕೊಂಡು ಅಕ್ಕನನ್ನು ಎತ್ತುವುದು ಆಗದ ಮಾತು. ಈ ಸಲ ಬಜೆಟ್ ಟೈಟ್ ಅಂತೆ, ಯಾರ ಮನೆಗೆ ಎಷ್ಟು ಗಂಟೆ ಎಂದು ಹೊಸದಾಗಿ ಹಂಚಬೇಕಂತೆ, ನೋಡಲು ಬರುತ್ತೇವೆ ಎಂದು ಫೋನ್ ಬಂತು.

ಮನೆಗೆ ಜನ ಬರುತ್ತಾರೆಂದರೆ ನಮ್ಮವರಿಗೆ ಗೊತ್ತಿರುವುದು ಒಂದೇ. ಬಾಗಿಲಿಗೆ ಕೋಲದ ರಂಗೋಲಿ ಹಾಕಿಸಿದೆ. ನಾನೂ ಆಯಾಳೂ ಸೇರಿ ಅಕ್ಕನಿಗೆ ಇಸ್ತ್ರಿ ಸೀರೆ ಉಡಿಸಿ, ತಲೆ ಬಾಚಿ, ದಿಂಬು ಒತ್ತುಕೊಟ್ಟು ಕುರ್ಚಿಯಲ್ಲಿ ಕೂರಿಸಿದೆವು. ಬೆಡ್‌ಪ್ಯಾನ್ ಹಿತ್ತಲಲ್ಲಿ ಬಚ್ಚಿಟ್ಟೆ. ಇನ್‌ಸ್ಪೆಕ್ಷನ್ ದಿನ ನಮ್ಮ ಕಾನ್ವೆಂಟ್ ಸಿಸ್ಟರ್‌ಗಳು ಹರಿದ ಪುಸ್ತಕಗಳನ್ನೆಲ್ಲ ಕಪಾಟಿಗೆ ತುರುಕುತ್ತಿದ್ದದ್ದು ನೆನಪಾಗಿ ನಗು ಬಂತು.

ಬಂದವಳು ಕರ್ನಾಟಕದ ಹುಡುಗಿ, ಕೈಯಲ್ಲಿ ಟ್ಯಾಬ್. "ಅಜ್ಜಿ, ಸ್ನಾನ ನೀವೇ ಮಾಡ್ಕೋತೀರಾ?"

ಹೊರಗಿನವರ ಬಾಯಲ್ಲಿ ಕನ್ನಡ ಕೇಳಿ ಅಕ್ಕ ಅರಳಿಹೋದಳು. "ಮತ್ತೆ ನೀನು ಬಂದು ಮಾಡಿಸ್ತೀಯಾ, ನನ್ ಕಣ್ಣು?"

"ಓಡಾಡ್ತೀರಾ?"

"ಓಡಲ್ಲ, ನಡೀತೀನಿ. ಅದಿರಲಿ, ನಿಂದು ಊಟ ಸಾಪಾಡು ಆಯ್ತಾ? ತಂಗೀ, ಕಾಪಿ ತಾರೇ!"

ಬಾಯಿ ಬಿಡಬೇಕಿದ್ದವಳು ನಾನು. ಬಂದವರೆದುರು ಅಕ್ಕನನ್ನು ಸುಳ್ಳಿ ಮಾಡುವುದೇ? ಕಾಫಿ ತಂದುಕೊಟ್ಟೆ.

ಮುಂದಿನ ವಾರದಿಂದ ದಿನಕ್ಕೆ ಒಂದೇ ಗಂಟೆ. ಸ್ನಾನವಾದರೆ ಎಕ್ಸರ್‌ಸೈಜ್ ಇಲ್ಲ. ಆಯಾ ಹೋದ ಮೇಲೆ ಬಟ್ಟೆ ಒದ್ದೆಯಾದರೆ ಮರುದಿನದವರೆಗೆ ಅಕ್ಕ ಹಾಗೇ. ಫೋನ್ ಮಾಡಿ ಕೂಗಾಡಿದೆ. "ಮೇಡಂ, ಕಂಡದ್ದನ್ನೇ ಬರೆದಿದ್ದೇವೆ" ಎಂದರು. ವಾಟ್ ನಾನ್ಸೆನ್ಸ್! ಆ ಸೀರೆ ಉಡಿಸಲು ಇಬ್ಬರು ಹೆಂಗಸರು ಬೇಕಾಯಿತೆಂದು ಕಾಣಲಿಲ್ಲವೇ? ಕುರ್ಚಿಯಿಂದ ಒಂದು ಸಲ ಏಳಿ ಎಂದು ಹೇಳಿ ನೋಡಲಿಲ್ಲವಲ್ಲ! ಮಾನದಿಂದ ಕೂತವರಿಗೆ ಸಹಾಯ ಬೇಡವೆಂದು ಯಾವ ರೂಲ್ ಬುಕ್ಕಿನಲ್ಲಿದೆ?

ಜಗಳಾಡಿದ್ದಕ್ಕೆ ಅದೇ ಹುಡುಗಿಯನ್ನು ಮತ್ತೆ ಕಳಿಸಿದರು. ಆ ದಿನ ನಾನು ಏನನ್ನೂ ಒಪ್ಪ ಮಾಡಲಿಲ್ಲ. ಕಲೆಯಾದ ನೈಟಿಯಲ್ಲೇ ಅಕ್ಕ ಮಲಗಿದ್ದಳು. ಬೆಲ್ ಕೇಳಿದ್ದೇ ಎಡಗೈ ಚಾಚಿ, "ಬಾಚಣಿಗೆ ಕೊಡೇ, ಜನ ಬಂದ್ರು" ಎಂದಳು.

ಕೇಳಿಸದವಳ ಹಾಗೆ ಬಾಗಿಲು ತೆಗೆಯಲು ಹೋದೆ.

ಅಂದು ಅಕ್ಕ ಕಾಪಿ ತಾ ಎನ್ನಲಿಲ್ಲ. ಹುಡುಗಿ ಹೋಗುವವರೆಗೂ ಗೋಡೆಯ ಕಡೆ ಮುಖ ಮಾಡಿದ್ದಳು. ನಾಲ್ಕು ಗಂಟೆ ವಾಪಸ್ ಬಂತು. ಅವರಿಗೆ ಥ್ಯಾಂಕ್ಸ್ ಹೇಳಲು ನನ್ನ ನಾಲಿಗೆ ಇನ್ನೂ ಏಳುತ್ತಿಲ್ಲ.